ಅರ್ಜಿದಾರರಿಲ್ಲದ ಕಚೇರಿಯಲ್ಲಿ ಮುನಿರಾಜುವಿನ ಕಡತ

ಆ ಕಚೇರಿಯಲ್ಲಿ ಒಬ್ಬನೇ ಒಬ್ಬ ಅರ್ಜಿದಾರ ಇರಲಿಲ್ಲ. ಜಿನೀವಾದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಕಾರಿಡಾರಿನ ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ನಡೆದು ನೋಡಿದೆ. ಕಾರಣ ಹೇಳದೆ, ವಿಚಾರಣೆ ಮಾಡದೆ ಜನರನ್ನು ಕೂಡಿಹಾಕಿದ್ದಾರೆ ಎಂಬ ದೂರುಗಳು ಲೋಕದ ಮೂಲೆಮೂಲೆಯಿಂದ ಬಂದು ಬೀಳುವ ಜಾಗ ಅದು. ನಮ್ಮ ಮುಳಬಾಗಿಲಿನ ತಾಲ್ಲೂಕು ಕಚೇರಿಯ ಮುಂದೆ ಬರೀ ಪಹಣಿಗಾಗಿಯೇ ಬೆಳಿಗ್ಗೆ ಒಂಬತ್ತಕ್ಕೆಲ್ಲ ಜಾತ್ರೆಯಷ್ಟು ಜನ ಸೇರಿರುತ್ತಾರೆ. ಇಲ್ಲಿ ಮೆತ್ತನೆಯ ನೆಲಹಾಸು, ಕುಂಡದಲ್ಲೊಂದು ಗಿಡ. ಅಳುವವರಿಲ್ಲ, ಶಾಪ ಹಾಕುವವರಿಲ್ಲ. ತಪ್ಪು ಕಟ್ಟಡಕ್ಕೆ ಬಂದೆನೇನೋ ಎಂದು ಹೊರಗೆ ಹೋಗಿ ಫಲಕ ಓದಿಕೊಂಡು ಬಂದೆ.

ನಾನು ತಾಯಲೂರಿನವಳು. ಮುಳಬಾಗಿಲಿನ ಕೋರ್ಟಿನಲ್ಲಿ ಆರು ವರ್ಷ ವಕೀಲಿಕೆ ಮಾಡಿ, ತೊಂಬತ್ತರ ದಶಕದ ಕೊನೆಯಲ್ಲಿ ಈ ಅಂತರರಾಷ್ಟ್ರೀಯ ಸಮಿತಿಯ ಕಚೇರಿಗೆ ಸಹಾಯಕಿಯಾಗಿ ಬಂದೆ. ಊರಿನಲ್ಲಿ ಮಾತ್ರ 'ನಮ್ಮ ಸಾವಿತ್ರಿ ಪ್ರಪಂಚಕ್ಕೆಲ್ಲ ಜಡ್ಜಂತೆ' ಎಂದು ಸುದ್ದಿ. ಜಡ್ಜೂ ಇಲ್ಲ, ಮಣ್ಣೂ ಇಲ್ಲ. ಬಂದ ಲಕೋಟೆ ಒಡೆಯುವುದು, ಕಡತ ತೆರೆಯುವುದು, ಬೇಕಾದರೆ ಅನುವಾದ ಮಾಡುವುದು ನನ್ನ ಕೆಲಸ. ನನ್ನ ಕೈಗೆ ಕೊಟ್ಟ ಅಧಿಕಾರವೆಂದರೆ ಒಂದು ರಬ್ಬರ್ ಸೀಲು: 'ಸ್ವೀಕರಿಸಲಾಗಿದೆ', ಕೆಳಗೆ ತಾರೀಕು.

ಇರಲು ಒಬ್ಬ ಮುದುಕಿಯ ಮನೆಯಲ್ಲಿ ಒಂದು ಕೋಣೆ ಸಿಕ್ಕಿತು. ಬಟ್ಟೆ ಒಗೆಯುವ ಕೋಣೆಯ ಬೀಗದ ಕೈ ನನ್ನ ಸರದಿಗೆ ಬರುತ್ತಿದ್ದುದು ಹದಿನೈದು ದಿನಕ್ಕೊಮ್ಮೆ. ಆ ದಿನ ತಪ್ಪಿದರೆ ಇನ್ನು ಹದಿನೈದು ದಿನ ಕೊಳೆ ಬಟ್ಟೆಯೇ ಗತಿ. ಊರಿಂದ ತಂದ ರಾಗಿ ಹಿಟ್ಟಿನಲ್ಲಿ ಮುದ್ದೆ ಕಟ್ಟಿದಾಗ ಆಕೆ ಬಗ್ಗಿ ನೋಡಿ, ಮೂಸಿ, ತುಂಬ ಮರ್ಯಾದೆಯಿಂದ ಕಿಟಕಿ ತೆರೆದಳು. ಫ್ರೆಂಚ್ ಕಲಿತದ್ದು ಕಚೇರಿಯ ಮಾತಿನಿಂದಲೇ. ಕಡತಕ್ಕೆ ಇಲ್ಲಿ 'ದೊಸಿಯೆ' ಅನ್ನುತ್ತಾರೆ. ಕಡತ ಮುಗಿಯಿತು, ಕಟ್ಟಿಡಿ ಎಂಬುದಕ್ಕೆ 'ಕ್ಲಾಸೆ'. ಬ್ರೆಡ್ಡಿನ ಅಂಗಡಿಯಲ್ಲಿ ನನ್ನ ಮಾತನ್ನು ಎರಡನೇ ಸಲ ಕೇಳದೆ ಅಂಗಡಿಯಾಕೆ ಬ್ರೆಡ್ಡು ಕೊಟ್ಟ ದಿನ ನನಗೆ ಕೇಸು ಗೆದ್ದಷ್ಟು ಖುಷಿಯಾಗಿತ್ತು.

ನಮ್ಮಲ್ಲಿ ಅರ್ಜಿ ಮುಂದೆ ಹೋಗಬೇಕಾದರೆ ಅದರ ಹಿಂದೆ ಮನುಷ್ಯ ಹೋಗಬೇಕು. ಇಲ್ಲಿ ಮನುಷ್ಯ ಹಿಂದೆ ಬಂದರೆ ಅದೇ ತಪ್ಪು. ಯಾರನ್ನು, ಯಾವಾಗ, ಯಾರು ಹಿಡಿದರು, ವಾರಂಟ್ ತೋರಿಸಿದರೇ, ಕಾರಣ ಹೇಳಿದರೇ, ಈಗ ಎಲ್ಲಿಟ್ಟಿದ್ದಾರೆ ಎಂದು ನಮೂನೆಯಲ್ಲಿ ಬರೆದು ಕಳಿಸಬೇಕು. ಅದನ್ನು ಆ ಸರ್ಕಾರಕ್ಕೆ ಕಳಿಸಿ ಉತ್ತರಕ್ಕೆ ಎರಡು ತಿಂಗಳು ಕಾಯುತ್ತಾರೆ. ಬಂದ ಉತ್ತರವನ್ನು ದೂರು ಕೊಟ್ಟವರಿಗೆ ಕಳಿಸಿ, 'ಇದಕ್ಕೇನಂತೀರಿ' ಎಂದು ಕೇಳುತ್ತಾರೆ. ಆಮೇಲೆ ವರ್ಷಕ್ಕೆ ಮೂರು ಸಲ ಸೇರುವ ಸಮಿತಿಯ ಐವರು ಸದಸ್ಯರು ಕಾಗದ ಓದಿ, ಈ ಬಂಧನ ಅನ್ಯಾಯದ್ದೋ ಅಲ್ಲವೋ ಎಂದು ಅಭಿಪ್ರಾಯ ಬರೆಯುತ್ತಾರೆ. ಬಾಗಿಲು ತೆಗೆಸಲು ಅವರ ಹತ್ತಿರ ಒಬ್ಬ ಪೇದೆಯೂ ಇಲ್ಲ. ಆದರೂ ಆ ಒಂದು ಹಾಳೆಗಾಗಿ ಜನ ವರ್ಷಗಟ್ಟಲೆ ಕಾಯುತ್ತಾರೆ. ಯಾಕೆಂದು ನನಗೆ ಅರ್ಥವಾದದ್ದು ನಮ್ಮೂರಿನ ಲಕೋಟೆ ಬಂದ ಮೇಲೆ.

ಕಳಿಸಿದವಳು ನಾಗವೇಣಿ. ತಾಯಲೂರು ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಅವಳ ಗಂಡ ಮುನಿರಾಜು ಕೊಲ್ಲಿಯ ಒಂದು ದೇಶದಲ್ಲಿ ಟ್ಯಾಂಕರ್ ಡ್ರೈವರ್. ಡೀಸೆಲ್ ಕಡಿಮೆಯಾಗಿದೆ ಎಂದು ಮಾಲೀಕ ಹೇಳಿದ್ದೇ ತಡ, ಪೊಲೀಸರು ಎಳೆದೊಯ್ದರು. ಆರೋಪಪಟ್ಟಿ ಇಲ್ಲ, ಕೋರ್ಟಿಲ್ಲ, ನಾಲ್ಕು ತಿಂಗಳು ಕಳೆದಿತ್ತು. ನಮೂನೆ ನೆಟ್ಟಗೇ ತುಂಬಿದ್ದಳು. ಜೊತೆಗೆ ಆ ದೇಶದ ರಾಯಭಾರಿಗೆ ಅವಳು ಮೊದಲೇ ಕಳಿಸಿದ್ದ ಕನ್ನಡ ಅರ್ಜಿಯ ನಕಲೂ ಇತ್ತು. ಮುಳಬಾಗಿಲಿನ ತಾಲ್ಲೂಕು ಕಚೇರಿಯ ಮುಂದೆ ಕೂತು ಅರ್ಜಿ ಬರೆಯುವ ನಂಜುಂಡಪ್ಪನವರ ಗುಂಡು ಅಕ್ಷರ, ನೋಡಿದೊಡನೆ ಗುರುತು ಸಿಕ್ಕಿತು.

ನಾನು ನೇರವಾಗಿ ನಮ್ಮ ಮೇಲಧಿಕಾರಿ ಇಲೇನ್ ಹತ್ತಿರ ಹೋಗಿ, ಇವಳು ನನ್ನ ಗೆಳತಿ ಎಂದೆ. ಇಲೇನ್ ಒಳ್ಳೆಯ ಹೆಂಗಸು, ಆದರೆ ನಿಯಮ ಎಂದರೆ ನಿಯಮ. "ಕನ್ನಡ ಬರುವವಳು ನೀನೊಬ್ಬಳೇ. ಅನುವಾದ ಮಾಡಿಕೊಡು. ಆಮೇಲೆ ಈ ಕಡತ ಮುಟ್ಟಬೇಡ" ಎಂದಳು. ಮಾಡಿಕೊಟ್ಟೆ. ಅರ್ಜಿಯ ಕೊನೆಯ ಸಾಲನ್ನೂ ಇದ್ದದ್ದು ಇದ್ದಹಾಗೆ ಇಂಗ್ಲಿಷಿಗೆ ಇಳಿಸಿದೆ: 'ನಮ್ಮ ಯಜಮಾನರಿಂದ ತಪ್ಪಾಗಿದೆ, ತಾವು ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು.' ನನ್ನ ಕೈ ಅಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ. ನಮ್ಮ ಕಡೆ ಹುಟ್ಟಿ ಬೆಳೆದ ಯಾರಿಗಾದರೂ ಅದು ಸಾಲು ಅಂತಲೇ ಅನ್ನಿಸುವುದಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ನರಕ. ಕಡತ ನನ್ನ ಮೇಜಿನಿಂದ ಇಪ್ಪತ್ತು ಹೆಜ್ಜೆ ದೂರದ ಬೀರುವಿನಲ್ಲಿತ್ತು, ಮುಟ್ಟುವ ಹಾಗಿಲ್ಲ. ನಾಗವೇಣಿ ಎಸ್‌ಟಿಡಿ ಬೂತಿನಿಂದ ಫೋನ್ ಮಾಡುತ್ತಿದ್ದಳು.

"ಲೇ ಸಾವಿತ್ರಿ, ನೀನು ಅಲ್ಲೇ ಕೂತಿದೀಯ. ಸಾಹೇಬ್ರಿಗೆ ಒಂದ್ಮಾತು ಹೇಳಕ್ಕಾಗಲ್ವಾ?"

"ಹೇಳಬಾರದು ಕಣೇ. ಗೊತ್ತಿರೋರು ಮಾತಾಡಿದ್ರೆ ಕೇಸೇ ಕೆಟ್ಟೋಗತ್ತೆ."

"ಇದ್ಯಾವ ಸೀಮೆ ಆಫೀಸೇ! ಗೊತ್ತಿರೋರು ಇದ್ರೆ ಕೆಲಸ ಆಗತ್ತೆ, ಕೆಡತ್ತಾ?" ಎಂದು ರೇಗಿದಳು. ಆಮೇಲೆ ದನಿ ಇಳಿಸಿದಳು. "ಅವ್ರು ಬರೋದು ಒಂದು ಕಡೆ ಇರ್ಲಿ. ಕಳ್ಳ ಅಲ್ಲ ಅಂತ ಒಂದು ಕಾಗದ ಬೇಕು ಕಣೇ. ಇಲ್ಲಿ ನನ್ ಮುಖ ನೋಡ್ಕೊಂಡೇ 'ಕಳ್ಳನ ಹೆಂಡ್ತಿ' ಅಂತಾರೆ."

ಎರಡು ತಿಂಗಳಿಗೆ ಸರ್ಕಾರದ ಉತ್ತರ ಬಂತು. ನಿಯಮದಂತೆ ಅದು ನಾಗವೇಣಿಗೆ ಹೋಯಿತು. ಅವಳು ಮುಳಬಾಗಿಲಿನಲ್ಲಿ ಯಾರಿಂದಲೋ ಓದಿಸಿಕೊಂಡು ಫೋನ್ ಮಾಡಿದಳು. 'ಬಂಧಿತನು ತಪ್ಪು ಮಾಡಿರುವುದನ್ನು ಅವನ ಹೆಂಡತಿಯೇ ಒಪ್ಪಿ ಕ್ಷಮೆ ಕೇಳಿದ್ದಾಳೆ' ಎಂದು ಬರೆದಿದ್ದರಂತೆ. ಅದಕ್ಕೆ ಪುರಾವೆಯಾಗಿ ಕೆಳಗೆ ಕೊಟ್ಟಿದ್ದದ್ದು ನನ್ನ ಅನುವಾದದ ಸಾಲು.

ನನಗೆ ಮೈಯೆಲ್ಲ ಉರಿದುಹೋಯಿತು. ಸರ್ಕಾರದ ಮೇಲಲ್ಲ, ನನ್ನ ಮೇಲೆ. ವಕೀಲೆ ಬೇರೆ! ಕೆಳಗೆ ಒಂದು ಟಿಪ್ಪಣಿ ಹಾಕಲು ನನಗೇನು ಧಾಡಿಯಾಗಿತ್ತು? ಇಲೇನ್‌ಗೆ ಹೇಳಿದೆ: ನಮ್ಮ ಕಡೆ ಯಾವ ಅರ್ಜಿಯಾದರೂ ಹೀಗೇ ಮುಗಿಯುತ್ತದೆ, ದೊರೆಯ ಮುಂದೆ ತಲೆ ತಗ್ಗಿಸುವ ರೂಢಿ ಇದು, ತಪ್ಪೊಪ್ಪಿಗೆ ಅಲ್ಲ. ಆಕೆ ಕನ್ನಡಕ ತೆಗೆದಿಟ್ಟು, "ಅನುವಾದಕಿಯಾಗಿ ಟಿಪ್ಪಣಿ ಬರೆಯುವ ಹಕ್ಕು ನಿನಗಿದೆ. ಆದರೆ ಪುರಾವೆ ದೂರುದಾರಳಿಂದ ಬರಬೇಕು" ಎಂದಳು. ಅದನ್ನು ನಾಗವೇಣಿಗೆ ತಿಳಿಸಲು ಒಪ್ಪಿಗೆ ಕೊಟ್ಟಳು.

ನಾಗವೇಣಿ ನಂಜುಂಡಪ್ಪನವರನ್ನು ಹಿಡಿದಳು. ಆತ ಮೊದಲು ಸಿಟ್ಟಾದರಂತೆ. "ಏನಮ್ಮಾ, ಮೂವತ್ತು ವರ್ಷದಿಂದ ಹಿಂಗೇ ಬರ್ದಿದೀನಿ. ಕಲೆಕ್ಟರೇ ತಪ್ಪು ಹಿಡ್ದಿಲ್ಲ, ಇವ್ನ್ಯಾರು ಹಿಡಿಯೋಕೆ?" ಆಮೇಲೆ ಹಳೆಯ ನಕಲುಗಳ ಕಟ್ಟನ್ನೇ ಬಿಚ್ಚಿದರು. ಹನ್ನೊಂದು ಅರ್ಜಿ ಜಿನೀವಾಕ್ಕೆ ಬಂದವು. ಕೊಳವೆಬಾವಿ ಕೆಟ್ಟಿದೆ, ರಿಪೇರಿ ಮಾಡಿಸಿ, ನಮ್ಮಿಂದ ತಪ್ಪಾಗಿದೆ, ಮನ್ನಿಸಿ. ಹೋಳೂರಿನ ಬಸ್ಸು ನಮ್ಮೂರಲ್ಲಿ ನಿಲ್ಲಿಸುವುದಿಲ್ಲ, ತಪ್ಪಾಗಿದೆ, ಮನ್ನಿಸಿ. ಒಬ್ಬ ವಿಧವೆ ಪಿಂಚಣಿ ಬಂದಿಲ್ಲ ಎಂದು ಬರೆದು, ತಪ್ಪಾಗಿದೆ ಎಂದಿದ್ದಳು. ಅನುವಾದ ಮಾಡುತ್ತಾ ನನಗೆ ಮೊದಲು ನಗು ಬಂತು. ಇಷ್ಟು ಜನ ಯಾವ ತಪ್ಪಿಗೆ ಕ್ಷಮೆ ಕೇಳುತ್ತಿದ್ದರು? ಇಲೇನ್ ಹನ್ನೊಂದನ್ನೂ ಓದಿ, "ಸಮಿತಿಗೆ ಇದು ಅರ್ಥವಾಗುತ್ತದೆ" ಎಂದಳು. ಅಂದು ಸಂಜೆ ಟ್ರಾಮ್ ಹತ್ತದೆ ಸರೋವರದ ದಂಡೆಯಲ್ಲಿ ಮನೆಯವರೆಗೂ ನಡೆದೇ ಹೋದೆ.

ಸಮಿತಿ ಸೇರಲು ಎರಡು ವಾರವಿತ್ತು. ಸರ್ಕಾರದಿಂದ ಇನ್ನೊಂದು ಕಾಗದ ಬಂತು: 'ಕುಟುಂಬದ ಕೋರಿಕೆಯನ್ನು ಪರಿಗಣಿಸಿ ಸದರಿಯವರನ್ನು ಕ್ಷಮಿಸಿ ಬಿಡುಗಡೆ ಮಾಡಿ ಸ್ವದೇಶಕ್ಕೆ ಕಳಿಸಲಾಗಿದೆ.' ಮುನಿರಾಜು ಅಷ್ಟರಲ್ಲಿ ಮನೆ ಸೇರಿದ್ದ. ಬಿಡುಗಡೆಯಾದವನ ಕಡತವನ್ನು ಸಾಮಾನ್ಯವಾಗಿ ಮುಂದುವರಿಸುವುದಿಲ್ಲ. ಬಂಧನ ಸರಿಯೋ ತಪ್ಪೋ ಎಂದು ಬೇಕಾದರೆ ಸಮಿತಿ ಹೇಳಬಹುದು, ಹೇಳಲೇಬೇಕೆಂದಿಲ್ಲ. ಅವರ ಮುಂದೆ ಇನ್ನೂ ಒಳಗೇ ಇರುವವರ ಕಡತಗಳ ರಾಶಿಯಿತ್ತು. ಹೇಳಲಿಲ್ಲ.

"ದೊಸಿಯೆ ಕ್ಲಾಸೆ" ಎಂದಳು ಇಲೇನ್. "ಮನುಷ್ಯ ಮನೆಗೆ ಬಂದ. ನಮ್ಮಲ್ಲಿ ಇಷ್ಟು ಒಳ್ಳೆಯ ಸುದ್ದಿ ಅಪರೂಪ, ಸಾವಿತ್ರಿ."

ನಿಜ. ಬೀರುವಿನ ಉಳಿದ ಕಡತಗಳನ್ನು ನೋಡಿದರೆ ಬಾಯಿ ಮುಚ್ಚಿಕೊಂಡು ಕೈಮುಗಿಯಬೇಕಿತ್ತು. ನನಗೆ ಆಗಲಿಲ್ಲ. ಮುಗಿದ ಕಡತ ಮುಟ್ಟಲು ಈಗ ಅಡ್ಡಿಯಿರಲಿಲ್ಲ. ಹನ್ನೊಂದು ಅರ್ಜಿಗಳನ್ನೂ ಒಟ್ಟಿಗೆ ದಾರ ಕಟ್ಟಿ ಒಳಗಿಡುವಾಗ ಬೀರುವಿನ ಬಾಗಿಲನ್ನು ಧಡಾರೆಂದು ಹಾಕಿದೆ. ಕಾರಿಡಾರಿನಲ್ಲಿ ಎರಡು ತಲೆಗಳು ಹೊರಗೆ ಇಣುಕಿದವು.

ಆ ವರ್ಷ ರಜೆಗೆ ತಾಯಲೂರಿಗೆ ಹೋದಾಗ ಮುನಿರಾಜು ಮನೆಯೊಳಗೇ ಇದ್ದ. ಬಂದ ಮೇಲೆ ಬಸ್‌ಸ್ಟ್ಯಾಂಡಿನ ಕಡೆಗೆ ತಲೆ ಹಾಕಿರಲಿಲ್ಲ. ಕ್ಷಮಿಸಿ ಬಿಟ್ಟರು ಎಂಬ ಸುದ್ದಿ ಅವನಿಗಿಂತ ಮೊದಲೇ ಟೀ ಅಂಗಡಿ ತಲುಪಿತ್ತು. ತಾವು ಬರೆದ ಅರ್ಜಿಯಿಂದಲೇ ಬಿಡುಗಡೆಯಾಯಿತು ಎಂದು ನಂಜುಂಡಪ್ಪನವರು ಮುಳಬಾಗಿಲಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

"ಅಕ್ಕಾ, ನಿಮ್ಮ ಆಫೀಸ್ನೋರು ನನ್ ತಪ್ಪಿಲ್ಲ ಅಂತ ಬರ್ದ್ರಾ?" ಎಂದು ಕೇಳಿದ.

"ಇಲ್ಲಪ್ಪ."

"ತಪ್ಪಿದೆ ಅಂತ ಬರ್ದ್ರಾ?"

"ಅದೂ ಇಲ್ಲ."

"ಮತ್ತೆ ಅಲ್ಲಿ ಕೂತ್ಕೊಂಡು ಏನ್ ಮಾಡ್ತೀರಕ್ಕ?" ಅವನ ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ.

ನಾಗವೇಣಿ ಒಳಗಿನಿಂದ ಒಂದು ಹಾಳೆ ತಂದು ನನ್ನ ಮುಂದಿಟ್ಟಳು. "ಆಫೀಸ್ ಬರೀದಿದ್ರೆ ಹೋಗ್ಲಿ. ನೀನು ಬರಿ."

ಬರೆಯುವಂತಿರಲಿಲ್ಲ. ಕಡತದ ವಿಷಯ ಹೊರಗೆ ಆಡುವುದಿಲ್ಲ ಎಂದು ಜಿನೀವಾದಲ್ಲಿ ಸಹಿ ಹಾಕಿದ್ದೆ. ಆದರೂ ಬರೆದೆ. ಮುನಿರಾಜುವನ್ನು ಒಂಬತ್ತು ತಿಂಗಳು ಕೂಡಿಹಾಕಿದ್ದರು, ಅವನ ಮೇಲೆ ಯಾವ ಕೋರ್ಟಿನಲ್ಲೂ ಯಾವ ಆರೋಪವನ್ನೂ ಹೊರಿಸಿರಲಿಲ್ಲ, ಅವನು ಯಾವ ತಪ್ಪನ್ನೂ ಒಪ್ಪಿಲ್ಲ. ಮುಗಿಸಿ, ಸಹಿ ಹಾಕಲು ಹೋದವಳು ನೋಡುತ್ತೇನೆ: ಕೊನೆಯಲ್ಲಿ ನನ್ನದೇ ಅಕ್ಷರದಲ್ಲಿ 'ತಪ್ಪಾಗಿದ್ದರೆ ಮನ್ನಿಸಬೇಕು' ಎಂದಿದೆ.

ಹಾಳೆ ಹರಿದು ಹಾಕಿದೆ. "ಅಯ್ಯೋ, ಚೆನ್ನಾಗಿತ್ತಲ್ಲೇ!" ಎಂದಳು ನಾಗವೇಣಿ. ಇನ್ನೊಂದು ಹಾಳೆಯಲ್ಲಿ ಬರೆದೆ. ಆ ಸಾಲು ಬಿಟ್ಟು ಕನ್ನಡದ ಕಾಗದವನ್ನು ಹೇಗೆ ಮುಗಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಇಂಗ್ಲಿಷಿನಲ್ಲಿ ನೂರಾರು ಮುಗಿಸಿದ್ದೇನೆ. ಕಡೆಗೆ ಹೆಸರು, ಊರು ಬರೆದು ಸಹಿ ಹಾಕಿದೆ. ಊರಿನ ಜಾಗದಲ್ಲಿ ತಾಯಲೂರು ಎಂದೇ ಬರೆದೆ.

ಮುನಿರಾಜು ಓದಿದ. ಸಹಿಯ ಪಕ್ಕದ ಖಾಲಿ ಜಾಗದ ಮೇಲೆ ಬೆರಳಾಡಿಸಿದ. "ಸೀಲ್ ಇಲ್ವಾ ಅಕ್ಕ?"

"ಇಲ್ಲಪ್ಪ."

ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿ, ಬಸ್‌ಸ್ಟ್ಯಾಂಡಿನ ಕಡೆಗೆ ಹೊರಟ. ನಾನೂ ನಾಗವೇಣಿಯೂ ಬಾಗಿಲಲ್ಲಿ ನಿಂತು ನೋಡಿದೆವು. ನನ್ನ ಸೀಲು ಜಿನೀವಾದ ಮೇಜಿನ ಮೇಲಿತ್ತು. ಜೊತೆಗಿದ್ದಿದ್ದರೂ ಅದರಲ್ಲಿ ಏನಿದೆ, 'ಸ್ವೀಕರಿಸಲಾಗಿದೆ' ಎಂದಷ್ಟೇ.