ಬಸಳೆಗೊಂದು ಪ್ರಾಸ

ಮೊನ್ನೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಭಾಜಿಯವಳ ಬುಟ್ಟಿಯಲ್ಲಿ ಒಂದು ಕಟ್ಟು ಬಸಳೆ ಕಂಡಿತು. ಕೊಂಡು ತಂದೆ. ದಂಟು ಮುರಿಯುವಾಗ ಬೆರಳಿಗೆ ಲೋಳೆ ಹತ್ತಿತು, ಹಸಿ ಮಣ್ಣಿನಂಥ ವಾಸನೆ ಬಂತು, ಅದರ ಹಿಂದೆಯೇ ಅಡುಗೆ ಮಾಮನ ಮೇಲಿನ ಹಳೆಯ ಸಿಟ್ಟೂ ಬಂತು...

ಅಡುಗೆ ಮಾಮ ನಮ್ಮ ಕೆಳಗಿನ ಮನೆಯವರು. ಉಡುಪಿ ಕಡೆಯವರು, ಠಾಣೆಯ ಹೋಟೆಲೊಂದರಲ್ಲಿ ಪ್ರಾಯವೆಲ್ಲ ಸೌಟು ಹಿಡಿದವರು. ನಾನು ಹೇಳುವುದು ಹದಿಮೂರು ವರ್ಷದ ಹಿಂದಿನ ಮಾತು, ಆಗಷ್ಟೇ ಕೆಲಸ ಬಿಟ್ಟಿದ್ದರು. ನಾನು ಕನ್ನಡ ಸಂಘದ ಮಕ್ಕಳಿಗೆ ಹಾಡು ಕಲಿಸುತ್ತಿದ್ದೆ. ಅವರ ಐದು ವರ್ಷದ ಮೊಮ್ಮಗಳೂ ಬರುತ್ತಿದ್ದಳು. ಅವಳ ಬಾಯಲ್ಲಿ ಎಲ್ಲ ಮರಾಠಿ ಹೆಸರೇ: ಹರಿವೆಯೆಂದರೆ ಲಾಲ್ ಮಾಠ್, ನುಗ್ಗೆಯೆಂದರೆ ಶೇವಗಾ.

"ಇವಳ ಬಾಯಲ್ಲಿ ನಮ್ಮ ಸೊಪ್ಪಿನ ಹೆಸರು ಒಂದಾದ್ರೂ ಉಳೀಬೇಕು ಮಾರಾಯ್ತಿ. ವಾರ್ಷಿಕೋತ್ಸವಕ್ಕೆ ಹಾಡು ನಾನೇ ಬರೀತೇನೆ" ಎಂದರು. ನಾನು ಒಪ್ಪಿಕೊಂಡೆ, ಬುದ್ಧಿಯಿಲ್ಲದೆ.

ಸೊಪ್ಪಿನ ಹೆಸರಿಗೆ ಪ್ರಾಸ ಹುಡುಕುವುದೇ ತಲೆನೋವು. ಅದರ ಮೇಲೆ ಮಾಮನ ಹಟ: ಪ್ರಾಸದ ಮಾತೂ ಆ ಸೊಪ್ಪಿನ ಅಡುಗೆಗೆ ಸೇರಿದ್ದೇ ಆಗಿರಬೇಕು! 'ಕೆಂಪು ಹರಿವೆ, ಕಾಯಿ ಅರೆವೆ' ಎಂಬಲ್ಲಿಗೆ ಮುಟ್ಟಲು ಒಂದು ವಾರ. ದೊಡ್ಡಪತ್ರೆಗೆ ನಾನು 'ಯಾತ್ರೆ' ಎಂದರೆ ಮುಖ ಸಿಂಡರಿಸಿ, ಎರಡು ದಿನ ಕಳೆದು 'ಪಾತ್ರೆ' ತಂದರು. ಬಸಳೆಗೆ ಬಂದಾಗ ಹಾಡು ನಿಂತೇ ಹೋಯಿತು.

"ಮೊಸಳೆ ಎನ್ನಿ ಮಾಮ, ಮುಗೀತು."

"ಬಸಳೆ ಹುಳಿಗೆ ಮೊಸಳೆ ಹಾಕ್ಲಿಕ್ಕುಂಟಾ?"

"ಮಕ್ಕಳ ಹಾಡಲ್ವಾ? ಕೇಳಿದವರು ನಗ್ತಾರೆ."

"ನಗ್ಲಿಕ್ಕೆ ಬರಿಯುದಲ್ಲ ನಾನು. ನಿಲ್ಲು, ಸಿಕ್ತದೆ."

ಸಿಗಲಿಲ್ಲ. ಮೆಟ್ಟಿಲ ಮೇಲೆ ಕಂಡಾಗಲೆಲ್ಲ "ಇನ್ನೆರಡು ದಿನ" ಎನ್ನುವರು. ಇತ್ತ ಮಕ್ಕಳ ತಾಯಂದಿರು ಫೋನ್ ಮಾಡಿ ಮಾಡಿ ನನ್ನ ಪ್ರಾಣ ತಿಂದರು. ಕಾರ್ಯಕ್ರಮಕ್ಕೆ ಮೂರು ದಿನ ಉಳಿದಾಗ ನನ್ನ ತಾಳ್ಮೆ ಮುಗಿಯಿತು. ಮಾಮನಿಗೆ ಹೇಳದೆ 'ಚಪ್ಪರದಲ್ಲಿ ಬಸಳೆ, ತಿನ್ನಲು ಬಂತು ಮೊಸಳೆ' ಎಂದು ಕಲಿಸಿಬಿಟ್ಟೆ.

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಮಾಮ ಮಾತ್ರ ನೆಲ ನೋಡುತ್ತ ಕೂತಿದ್ದರು. ಮರುದಿನದಿಂದ ಮೆಟ್ಟಿಲ ಮೇಲೆ ಎದುರಾದರೂ ಮಾತಿಲ್ಲ. ಇಷ್ಟಕ್ಕೆಲ್ಲ ಮುನಿಸೇ ಎಂದು ನಾನೂ ಬಿಗಿದುಕೊಂಡೆ. ಮರುವರ್ಷ ಮಾಮ ತೀರಿಕೊಂಡರು... ತಪ್ಪಾಯಿತು ಎನ್ನಲು ಒಂದು ಮಹಡಿ ಇಳಿದಿದ್ದರೆ ಸಾಕಿತ್ತು. ನಾನು ಇಳಿಯಲಿಲ್ಲ.

ಮೊನ್ನೆ ಹುಳಿ ಮಾಡಿದ ಮೇಲೆ ಒಂದು ಡಬ್ಬಿ ಕೆಳಗಿನ ಮನೆಗೂ ಒಯ್ದೆ. ಬಾಗಿಲು ತೆರೆದದ್ದು ಅದೇ ಮೊಮ್ಮಗಳು, ಈಗ ಕಾಲೇಜಿನ ಹುಡುಗಿ. ಮುಚ್ಚಳ ತೆಗೆದವಳೇ, "ಅರೇ ಆಂಟಿ, ಯೆ ತೋ ಬಸಳೆ ಹೈ!" ಎಂದು ನಕ್ಕು, ಆ ಸಾಲನ್ನು ಮೊಸಳೆ ಸಮೇತ ಹಾಡಿಬಿಟ್ಟಳು. ಹರಿವೆ, ದೊಡ್ಡಪತ್ರೆ ಎಲ್ಲ ಮರೆತಿದೆಯಂತೆ. ಅಜ್ಜ ಬರೆದದ್ದರಲ್ಲಿ ಇದೊಂದೇ ನೆನಪಂತೆ.

ಅದು ಅಜ್ಜನ ಸಾಲಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಮಾಮ ಕೇಳಿಸಿಕೊಂಡಿದ್ದರೆ ಇನ್ನೊಮ್ಮೆ ಮಾತು ಬಿಡುತ್ತಿದ್ದರು. ಬಿಡಲಿ, ಮೆಟ್ಟಿಲ ಮೇಲೆ ಎದುರಾದರೆ ಸಾಕಿತ್ತು.