ಎರಡನೇ ಸಾಲಿನ ಆಂಟಿ

ಈ ಮನೆಗೆ ಮಾರುವವರು ಹೇಳಿದ್ದಕ್ಕಿಂತ ಐವತ್ತು ಸಾವಿರ ಡಾಲರ್ ಹೆಚ್ಚು ಕೊಟ್ಟೆ. ತರಕಾರಿಗೂ ಚೌಕಾಸಿ ಮಾಡುವ ನಾನು ಸುಮ್ಮನಾದದ್ದು, ಇಲ್ಲಿನ ಶಾಲೆಗಳ ರೇಟಿಂಗ್ ಹತ್ತಕ್ಕೆ ಒಂಬತ್ತು ಇತ್ತೆಂದು.

ಪಕ್ಕದ ಮನೆಯ ಧಾರವಾಡದ ಆಂಟಿಯ ಮಕ್ಕಳು ಓದು ಮುಗಿಸಿ ವರ್ಷಗಳಾಗಿದ್ದವು. ಆದರೂ ಅವರು, ಊರಿನ ಶಾಲೆಗಳ ಖರ್ಚುವೆಚ್ಚ ತೀರ್ಮಾನಿಸುವ, ಯಾರು ಬೇಕಾದರೂ ಹೋಗಿ ಕೂರಬಹುದಾದ ಪ್ರತಿ ಸ್ಕೂಲ್ ಬೋರ್ಡ್ ಮೀಟಿಂಗಿನಲ್ಲಿ ಎರಡನೇ ಸಾಲಿನಲ್ಲಿ ಕೂತು, ಬಜೆಟ್ ಹಾಳೆಯ ಮೇಲೆ ಬೆರಳಿಟ್ಟು ಓದುತ್ತಿದ್ದರು. ನನ್ನನ್ನು ಕರೆಯುವಾಗ ಒಂದೇ ಮಾತು: “ಮಾತಾಡಬ್ಯಾಡ ತಮ್ಮಾ, ಬಂದು ಕೂಡು, ಸಾಕು.”

ರಾಜ್ಯದ ಅನುದಾನ ಇಳಿದ ವರ್ಷ, ಶಾಲೆಯ ಲೈಬ್ರೇರಿಯನ್ ಹುದ್ದೆ ತೆಗೆಯುವ ಮಾತು ಬಂತು. ನನ್ನ ಮಗಳಿಗೆ ಓದುವ ರುಚಿ ಹತ್ತಿಸಿದ್ದೇ ಆ ಲೈಬ್ರೇರಿಯನ್.

“ಇವತ್ತರೆ ಬಾ ತಮ್ಮಾ,” ಎಂದರು ಆಂಟಿ, ಅದು ತೀರ್ಮಾನವಾಗುವ ಮೀಟಿಂಗಿನ ದಿನ.

“ಕೆಲಸ ಇದೆ ಆಂಟಿ. ಒಂಬತ್ತು ರೇಟಿಂಗ್ ಇರೋ ಊರು, ಏನೂ ಆಗಲ್ಲ.”

“ಒಂಬತ್ತು ಅಂತ ಗ್ವಾಡಿ ಮ್ಯಾಲ ಕೆತ್ತಿಟ್ಟಾರೇನು?” ಎಂದು ನಕ್ಕು ಒಬ್ಬರೇ ಹೋದರು.

ಮರುದಿನ ಕೇಳಿದಾಗ ನಗಲಿಲ್ಲ. “ಮೂರು ನಿಮಿಷ ಮಾತಾಡಿದೆ. ಬೋರ್ಡಿನವರು ನನ್ನ ಹಿಂದಿನ ಖಾಲಿ ಕುರ್ಚಿ ನೋಡಿದ್ರು, ಹುದ್ದೆ ತೆಗೀಲಿಕ್ಕೆ ಕೈ ಎತ್ತಿದ್ರು, ಮುಗೀತು.”

ಆಂಟಿ ಈಗ ಈ ಊರು ಬಿಟ್ಟು ಮಾರಿಸ್‌ಟೌನಿನಲ್ಲಿ ಮಗನ ಹತ್ತಿರ ಇದ್ದಾರೆ. ನಮ್ಮ ರೇಟಿಂಗ್ ಒಂಬತ್ತೇ ಇದೆ, ಲೈಬ್ರರಿಗೆ ಬೀಗ ಇದೆ.

ನೀವು ಮನೆ ನೋಡುತ್ತಿದ್ದರೆ, ಮೊದಲು ಆ ಊರಿನ ಒಂದು ಬೋರ್ಡ್ ಮೀಟಿಂಗಿಗೆ ಹೋಗಿ, ತುಂಬಿದ ಕುರ್ಚಿಗಳನ್ನು ಎಣಿಸಿ. ಕೊಂಡ ಮೇಲೂ ಹೋಗಿ. ಮಾತಾಡಬೇಕಿಲ್ಲ, ಕೂತರೆ ಸಾಕು.