ಮೂರನೇ ಸಲ ಕೇಳುವ ಅಟ್ರಾಕ್ಟಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮಿನ ಉದ್ದನೆಯ ಹಜಾರದಲ್ಲಿ ಅಟ್ರಾಕ್ಟಾ ಗ್ಯಾಫ್ನಿ ಟೀ ಗಾಡಿ ತಳ್ಳಿಕೊಂಡು ಬರುತ್ತಿದ್ದಾರೆ; ಅವರ ಕತೆ ಬರೆಯಲು ಬಂದ ನಾನು ಜೊತೆಗಿದ್ದೇನೆ. ಐವತ್ತು ದಾಟಿದ ಹೆಂಗಸು, ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಮೊಣಕೈ. ಮೊದಲ ಕೋಣೆಯಲ್ಲಿ ಮ್ಯಾಲಕಿ ಫೀನಿ ದಿಂಬಿಗೆ ಒರಗಿ ಕೂತಿದ್ದಾರೆ. ಊರಿಗೆಲ್ಲ ಸೈಕಲ್ಲಿನಲ್ಲಿ ಅಂಚೆ ಹಂಚಿದ ಮುದುಕ.

"ಟೀ ಕುಡೀತೀರಾ, ಮ್ಯಾಲಕಿ?"

"ಬೇಡಮ್ಮ, ಚೆನ್ನಾಗಿದೀನಿ."

"ಒಂಚೂರು?"

"ನಿಂಗ್ಯಾಕೆ ಸುಮ್ನೆ ತೊಂದರೆ."

"ಮಾಡಾಗಿದೆ. ಇಲ್ದಿದ್ರೆ ಚೆಲ್ಬೇಕು."

"ಚೆಲ್ಲೋದ್ಯಾಕೆ? ಕೊಡು ಹಾಗಾದ್ರೆ."

ಕೊಟ್ಟ ಕಪ್ಪನ್ನು ಮ್ಯಾಲಕಿ ಒಂದೇ ಉಸಿರಿಗೆ ಖಾಲಿ ಮಾಡಿ ಇನ್ನೊಂದಕ್ಕೆ ಕೈ ಚಾಚುತ್ತಾರೆ. ನಮ್ಮ ರಾಸ್‌ಕಾಮನ್ ಜಿಲ್ಲೆಯ ಕಡೆ ಮೊದಲ ಸಲಕ್ಕೇ ಹೂಂ ಅನ್ನುವವನು ಹೊಟ್ಟೆಬಾಕ. ಎರಡನೇ ಸಲಕ್ಕೆ ಅಂದವನು ಅವಸರದವನು. ಗಂಟಲು ಒಣಗಿ ಸಾಯುತ್ತಿದ್ದರೂ ಎರಡು ಸಲ ಬೇಡ ಅನ್ನಲೇಬೇಕು. ಅವ್ವ ಕಲಿಸಿದ ಮರ್ಯಾದೆ ಅದು. ತೊಂಬತ್ತಾದರೂ ಬಿಡುವುದಿಲ್ಲ.

ಈ ಹೋಮನ್ನು ಹೊಸ ಮಾಲೀಕರು ಕೊಂಡಾಗ ಕೆಲಸದವರ ಸಂಖ್ಯೆ ಇಳಿಯಿತು, ಹೊಸ ಪದ್ಧತಿ ಬಂತು. ಒಂದು ಸಲ ಕೇಳಿ. ಬೇಡ ಅಂದರೆ 'ನಿರಾಕರಿಸಿದರು' ಅಂತ ಗುರುತು ಹಾಕಿ ಮುಂದಿನ ಕೋಣೆಗೆ ನಡೆಯಿರಿ. ಒಳ್ಳೆಯ ಮನೆತನದ ಮುದುಕ ಮುದುಕಿಯರೆಲ್ಲ ಬೇಡ ಅಂದರು, ಗಾಡಿ ಮುಂದೆ ಹೋಯಿತು. ತುಟಿ ಒಡೆದವು, ಮಾತು ತೊದಲಿತು, ತಲೆ ತಿರುಗಿತು. ಮ್ಯಾಲಕಿ ಬಚ್ಚಲಲ್ಲಿ ಬಿದ್ದು ಆಸ್ಪತ್ರೆ ಸೇರಿದಾಗ, ಇವರ ಮೈಯಲ್ಲಿ ನೀರೇ ಇಲ್ಲವಲ್ಲ ಅಂದರು ವೈದ್ಯರು.

ಮೂರು ಸಲ ಕೇಳಲು ಬಿಡಿ ಅಂತ ಅಟ್ರಾಕ್ಟಾ, ಮ್ಯಾನೇಜರ್ ನೋಯಲ್ ಕಾನ್‌ರಾಯ್ ಹತ್ತಿರ ಹೋಗಿ ಹೇಳಿದರು. ಬೇಡ ಅಂದವರ ಬಾಯಿಗೆ ಸುರಿಯಲಾಗುತ್ತದೆಯೇ, ಅದು ಅವರ ಹಕ್ಕು ಅಂದ ಆತ. ಮತ್ತೆ ಹೇಳಿದರು. ಮತ್ತೆ ಅದೇ ಉತ್ತರ. ಕೊನೆಗೆ ತಮ್ಮ ಹೆಸರು ಹಾಕಿಯೇ ಸರ್ಕಾರದ ತಪಾಸಣೆಯವರಿಗೆ ಬರೆದರು.

ತಪಾಸಣೆಯವರು ಬಂದು ಹೋದ ವಾರವೇ ಅಟ್ರಾಕ್ಟಾರನ್ನು ಹಿಂದಿನ ಬಟ್ಟೆ ಒಗೆಯುವ ಕೋಣೆಗೆ ತಳ್ಳಿದರು. ಮುದುಕರ ಮುಖ ನೋಡುವಂತಿಲ್ಲ. ಆಮೇಲೆ ಪಾಳಿಗಳು ಒಂದೊಂದಾಗಿ ಮಾಯವಾದವು. ಆಮೇಲೆ, ಇನ್ನು ಬರಬೇಡಿ ಅಂದರು. ಊರು ಸುಮ್ಮನಿರುತ್ತದೆಯೇ? ಉಂಡ ಮನೆಯ ಜಂತಿ ಎಣಿಸಿದವಳು ಅಂತ ಆಡಿಕೊಂಡರು. ಮಾಂಸದಂಗಡಿಯಲ್ಲಿ ಸರದಿಗೆ ನಿಂತಿದ್ದಾಗ ಬೆನ್ನ ಹಿಂದಿನಿಂದ ಯಾರೋ ಮೆಲ್ಲಗೆ 'ಇನ್ಫಾರ್ಮರ್' ಅಂದರು. ಪರರ ಆಳ್ವಿಕೆಯಲ್ಲಿ ನೆರೆಯವರನ್ನು ಹಿಡಿದುಕೊಟ್ಟವರಿಗೆ ಅಂಟಿದ ಮಾತು ಅದು. ನಮ್ಮಲ್ಲಿ ಕೊಲೆ ಮಾಡಿದವನ ಮಣ್ಣಿಗಾದರೂ ನಾಲ್ಕು ಜನ ಬರುತ್ತಾರೆ, ಇನ್ಫಾರ್ಮರ್ ಮಣ್ಣಿಗೆ ನಾಯಿಯೂ ಬರುವುದಿಲ್ಲ.

"ಅಳಲಿಲ್ಲ ಅಂದ್ರೆ ಸುಳ್ಳಾಗುತ್ತೆ," ಅನ್ನುತ್ತಾರೆ ಅಟ್ರಾಕ್ಟಾ. "ಮಾಂಸನೂ ತಗೊಳ್ದೆ ಮನೆಗ್ ಬಂದ್ಬಿಟ್ಟೆ. ನಾನು ಯಾರನ್ನ ಹಿಡ್ಕೊಟ್ಟೆ ಹೇಳಿ? ಬಾಯಾರಿದೋರಿಗೆ ನೀರು ಕೇಳ್ದೆ, ಅಷ್ಟೇ."

ಕಾನೂನು ಅವರ ಬೆನ್ನಿಗಿದೆ ಎಂದು ತಿಳಿಸಿದ್ದು ಕಾರ್ಮಿಕ ಸಂಘದವರು. ಅಪಾಯ ಕಂಡು, ನಂಬಲು ಕಾರಣವಿದ್ದು ದೂರು ಕೊಟ್ಟವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಪಾಳಿ ಕತ್ತರಿಸುವಂತಿಲ್ಲ, ಮೂಲೆಗೆ ತಳ್ಳುವಂತಿಲ್ಲ. ಶಿಕ್ಷಿಸಿದರೆ, ಅದು ದೂರಿನ ಸೇಡಲ್ಲ ಎಂದು ಮಾಲೀಕರೇ ತೋರಿಸಬೇಕು.

"ಸಾಬೀತು ಮಾಡೋ ಭಾರ ನನ್ ತಲೆಮೇಲೆ ಅಂದ್ಕೊಂಡಿದ್ದೆ. ಅವರ ತಲೆಮೇಲೆ ಅಂತ ಗೊತ್ತಾದ್ಮೇಲೆ ಊಟ ಸೇರ್ತು."

ಸಂಘದವರ ನೆರವಿನಿಂದ ಅಟ್ರಾಕ್ಟಾ ಹೂಡಿದ ಕಾರ್ಮಿಕ ವ್ಯಾಜ್ಯದ ವಿಚಾರಣೆ ನಡೆದದ್ದು ಹೋಟೆಲೊಂದರ ಸಭಾಂಗಣದಲ್ಲಿ. ನಡುವೆ ಬಿಡುವು ಕೊಟ್ಟಾಗ ಟೀ ಕೆಟಲ್ ಅಟ್ರಾಕ್ಟಾ ಕೈಗೆ ಹತ್ತಿರವಿತ್ತು. ಕೈಯ ಚಾಳಿ, ಸುಮ್ಮನಿರುತ್ತದೆಯೇ? ಎದುರಿಗಿದ್ದ ನೋಯಲ್‌ನನ್ನು ಟೀ ಬೇಕೇ ಎಂದು ಕೇಳಿದರು. ಬೇಡ ಅಂದ. ಒಂಚೂರು ಅಂದರು. ತೊಂದರೆ ಬೇಡ ಅಂದ. ಹಾಕುತ್ತೇನೆ ಬಿಡಿ ಅಂದರು.

"ಸರಿ, ಹಾಕಿ ಹಾಗಾದ್ರೆ," ಅಂದ ನೋಯಲ್.

ಟೀ ಕಪ್ ತುಟಿಗೆ ಮುಟ್ಟಿದಾಗಲೇ ಆತನಿಗೆ ಹೊಳೆದದ್ದು, ಮೇಜಿನ ಸುತ್ತ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ. ವಿಚಾರಣಾಧಿಕಾರಿಯಮ್ಮ ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಅದು ಕೆಮ್ಮಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ಟೀ ಕುಡಿದದ್ದು ಸಾಕ್ಷಿಯಾಗುವುದಿಲ್ಲ, ನಿಜ. ಬಿಡುವಾದ ಮೇಲೆ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟೋ ವರ್ಷ ಒಂದು ಮಾತು ಅನ್ನಿಸಿಕೊಳ್ಳದ ಈ ಹೆಂಗಸನ್ನು ಅದೇ ವಾರ ಯಾಕೆ ಬಟ್ಟೆ ಒಗೆಯಲು ಕಳಿಸಿದಿರಿ? ನೋಯಲ್ ಕಡತದ ಹಾಳೆಗಳನ್ನು ಹಿಂದೆ ಮುಂದೆ ತಿರುವಿ ಹಾಕುತ್ತಲೇ ಇದ್ದ. ತೀರ್ಪು ಬಂತು: ಅದೇ ಕೆಲಸ, ಅದೇ ಕೋಣೆಗಳು, ತಪ್ಪಿದ ಸಂಬಳ ಪೂರ್ತಿ. ಗೆದ್ದರು ನಮ್ಮ ಅಟ್ರಾಕ್ಟಾ! ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ತಣ್ಣಗಾಗುತ್ತದೆ.

ಮರಳಿ ಬಂದ ದಿನ ಮ್ಯಾಲಕಿ ಟೈ ಕಟ್ಟಿಕೊಂಡು ಗಾಲಿಕುರ್ಚಿಯಲ್ಲಿ ಬಾಗಿಲಿಗೇ ಬಂದು, ಎಲ್ಲಿ ಹಾಳಾಗಿ ಹೋಗಿದ್ದೆ ಮಾರಾಯ್ತಿ ಅಂತ ಬೈದರಂತೆ. ಬೈದು ಮುಗಿಸುವಷ್ಟರಲ್ಲಿ ಇಬ್ಬರೂ ಅಳುತ್ತಿದ್ದರಂತೆ. ನೋಯಲ್ ಈಗ ಇಲ್ಲಿಲ್ಲ. ಮೂರು ಸಲ ಕೇಳುವುದು ಇಲ್ಲಿಯ ನಿಯಮವಾಗಿದೆ. ಹೊಸದಾಗಿ ಸೇರಿದವರಿಗೆ ಅದನ್ನು ಕಲಿಸುವುದೂ ಅಟ್ರಾಕ್ಟಾರೇ.

ನಾನು ಹೊರಡುವ ಹೊತ್ತಿಗೆ ಫಿಲಿಪೀನ್ಸಿನಿಂದ ಬಂದ ಆರೈಕೆಗಾರ್ತಿ ಮಾರಿವಿಕ್ ಗಾಡಿಯ ಪಕ್ಕ ಬಂದು ನಿಂತರು. ಮೇಲಿನ ಮಹಡಿಯಲ್ಲಿ ತಾವು ಏನೋ ನೋಡಿದ್ದಾಗಿಯೂ, ಹೇಳಲು ಭಯವೆಂದೂ ಪಿಸುಗುಟ್ಟಿದರು. ಅವರ ವೀಸಾ ಇರುವುದೇ ಈ ಕೆಲಸದ ಮೇಲೆ.

"ಹೇಳಿದ್ರೆ ಕಳಿಸ್ಬಿಡ್ತಾರಾ, ಅಟ್ರಾಕ್ಟಾ?"

ಅಟ್ರಾಕ್ಟಾ ಗಾಡಿ ನಿಲ್ಲಿಸಿ, ಕೈ ಒರೆಸಿಕೊಂಡು, ಕುರ್ಚಿ ಎಳೆದು ಅವರನ್ನು ಕೂರಿಸಿದರು.

"ನನ್ನೂ ಕಳಿಸಿದ್ರು ಕಣೇ. ನೋಡು, ಇಲ್ಲೇ ಇದೀನಿ. ನಿನ್ ಜೊತೆ ನಾನೂ ಬರ್ತೀನಿ. ಈಗ ಹೇಳು, ಏನ್ ನೋಡ್ದೆ?"